ಕಲ್ಲು ಅರೆಯುವ ಅಕ್ಕ

ಅಕ್ಕನ ಪ್ರಯೋಗಾಲಯದ ಬಾಗಿಲಲ್ಲೇ ನನ್ನ ಮಾನ ಹೋಯಿತು. ಕಲ್ಲು ಅರೆಯುವ ಕೋಣೆಗೆ ಉಂಗುರ ತೊಟ್ಟವರಿಗೆ ಪ್ರವೇಶವಿಲ್ಲ. ನನ್ನ ಮದುವೆಯ ಉಂಗುರವೋ, ನಾನು ಉಬ್ಬುತ್ತ ಬಂದಂತೆ ಬೆರಳಿನೊಳಗೇ ಬಿಡಾರ ಹೂಡಿತ್ತು. ಅಕ್ಕನ ಇಬ್ಬರು ವಿದ್ಯಾರ್ಥಿನಿಯರು ಸೋಪು ಹಚ್ಚಿ, ಒಬ್ಬಳು ಮೊಣಕೈ ಹಿಡಿದು, ಇನ್ನೊಬ್ಬಳು ಬೆರಳು ಹಿಡಿದು ಎಳೆದರು. ಉಂಗುರ ಹಾರಿ ಸಿಂಕಿನ ತೂತಿಗೆ ಇಳಿಯಿತು.

“ನಾನು ಏನೂ ಮುಟ್ತಿರಲಿಲ್ಲ ಕಣಕ್ಕ,” ಎಂದೆ.

“ನೀನು ಮುಟ್ಟದೆ ಮುರಿದಿದ್ದನ್ನೆಲ್ಲ ಚಿಕ್ಕಂದಿನಿಂದ ನೋಡಿದೀನಿ.”

ಅಕ್ಕನ ಆಯುಷ್ಯ ಕಲ್ಲು ಅರೆಯುವುದರಲ್ಲೇ ಸವೆದಿದೆ. ನಾವು ನಿಂತಿರುವ ಖಂಡದ ಕೆಳಗೆ, ಯಾವ ಕೊಳವೆಬಾವಿಯೂ ಮುಟ್ಟದ ಆಳದಲ್ಲಿ, ಮ್ಯಾಂಟಲ್ ಎಂಬ ದಪ್ಪ ಪದರವಿದೆ. ಕೋಟ್ಯಂತರ ವರ್ಷಗಳ ಹಿಂದೆ ಅದರ ಒಂದಿಷ್ಟು ಪಾಲು ಕರಗಿ, ಜ್ವಾಲಾಮುಖಿಯಲ್ಲಿ ಉಕ್ಕಿ, ಕಪ್ಪು ಕಲ್ಲಾಗಿ ಹೆಪ್ಪುಗಟ್ಟಿತು. ಆ ಕಲ್ಲನ್ನು ಪುಡಿಮಾಡಿ ಯಾವ ಲೋಹ ಎಷ್ಟಿದೆ ಎಂದು ಅಳೆದರೆ, ಆಗಿನ ಮ್ಯಾಂಟಲ್‌ನ ಸಮಾಚಾರ ತಿಳಿಯುತ್ತದೆ. ಪಕ್ಕದ ಮನೆಯವರು ಎಸೆದ ಕಸ ನೋಡಿ ಅವರ ಸಂಸಾರ ಹೇಳುವ ವಿದ್ಯೆ. ನಮ್ಮ ಮನೆತನಕ್ಕೆ ಹೊಸದೇನಲ್ಲ.

ಅಂದು ಅಕ್ಕ ಉಬ್ಬಿಹೋಗಿದ್ದಳು. ಅವಳ ಕಲ್ಲಿನಲ್ಲಿ ಎಲ್ಲರ ಅಂದಾಜಿಗಿಂತ ಹೆಚ್ಚು ಪ್ಲಾಟಿನಂ ಸಿಕ್ಕಿತ್ತು. ಪುರಾತನ ಮ್ಯಾಂಟಲ್ ಬಗ್ಗೆ ಎಲ್ಲರೂ ನಂಬಿದ್ದು ತಪ್ಪು ಎಂದು ವಿದ್ವಾಂಸರ ಸಭೆಗೆ ತನ್ನ ಪ್ರಬಂಧದ ಸಾರಾಂಶವನ್ನೂ ಕಳಿಸಿಯಾಗಿತ್ತು. ಇಷ್ಟು ವರ್ಷ ಅರೆದದ್ದಕ್ಕೆ ಅವಳ ಪಾಲಿಗೆ ಬಂದ ಒಂದೇ ಒಂದು ದೊಡ್ಡ ಮಾತು ಅದು.

“ಉಂಗುರದಿಂದ ಅಂಥದ್ದೇನಾಗುತ್ತೆ?” ಎಂದೆ, ಬೆರಳು ಉಜ್ಜಿಕೊಳ್ಳುತ್ತ.

“ಕಣ್ಣಿಗೆ ಕಾಣದಷ್ಟು ಸವೆದು ಪುಡೀಗೆ ಬಿದ್ರೂ ಸಾಕು, ಇಡೀ ಮ್ಯಾಂಟಲ್ ಸುಳ್ಳು ಹೇಳುತ್ತೆ,” ಎನ್ನುತ್ತ ಅವಳು ಬರಿಗೈಯಲ್ಲಿ ಕಲ್ಲಿನ ಚೂರು ಆರಿಸತೊಡಗಿದಳು. ಕೈಗವಸು ಹಾಕಿದರೆ ಚೂರು ಹಿಡಿತಕ್ಕೆ ಸಿಗುವುದಿಲ್ಲವಂತೆ.

“ಮತ್ತೆ ನಿನ್ನ ಬೆರಳಲ್ಲಿರೋದು?”

ವಿದ್ಯಾರ್ಥಿನಿಯರು ನೆಲ ನೋಡಿದರು.

ಈ ಕೆಲಸದ ದೆಸೆಯಿಂದ ಅಕ್ಕ ಮದುವೆಯಾದಂದಿನಿಂದ ಉಂಗುರ ತೊಟ್ಟವಳಲ್ಲ. ಗಡಿಯಾರ ರಿಪೇರಿ ಮಾಡುವ ಭಾವ ಮುನಿಸು ನುಂಗಿ ನುಂಗಿ ಸಾಕಾಗಿ, ಈ ವರ್ಷ ಪ್ಲಾಟಿನಂ ಉಂಗುರ ತಂದು ತಾವೇ ತೊಡಿಸಿದ್ದರು. ಎಂದೂ ಉಂಗುರ ಕಾಣದ ಬೆರಳಿಗೆ ತೆಗೆದಿಡುವ ಅಭ್ಯಾಸ ಎಲ್ಲಿಂದ ಬರಬೇಕು?

“ಸೋಪು ಕೊಡು,” ಎಂದಳು ಅಕ್ಕ.

ಉಳಿದಿದ್ದ ಕಲ್ಲನ್ನು ಬೋಳು ಬೆರಳಲ್ಲಿ ಆರಿಸಿ, ಮತ್ತೆ ಅರೆದು ಅಳೆದಳು. ಪ್ಲಾಟಿನಂ ಎಲ್ಲರ ಅಂದಾಜಿನಷ್ಟೇ ಬಂತು. “ಸುಮ್ನಿದ್ರೆ ಯಾರಿಗೆ ಗೊತ್ತಾಗುತ್ತೆ?” ಎಂದು ನಾನು ಸಹಾಯ ಮಾಡಲು ಹೋದೆ. ಎರಡು ದಿನ ಅಕ್ಕ ನನ್ನ ಫೋನ್ ತೆಗೆಯಲಿಲ್ಲ.

ಸಭೆಯಲ್ಲಿ ಅವಳು ಎದ್ದು ನಿಂತು, ನಾನು ಕಳಿಸಿದ್ದ ಅಂಕಿ ತಪ್ಪು, ನಿಮ್ಮದೇ ಸರಿ ಎಂದಳು. ಉಂಗುರ ಬೆರಳಲ್ಲಿತ್ತು. ಉಂಗುರದ ಸಂಗತಿ ಗೊತ್ತೇ ಇಲ್ಲದ ಭಾವ ಹೊಸ ನೀಲಿ ಅಂಗಿಯಲ್ಲಿ ಮುಂದೆಯೇ ಕೂತು ಹೆಮ್ಮೆಯಿಂದ ತಲೆಯಾಡಿಸುತ್ತಿದ್ದರು. ಅಕ್ಕನನ್ನು ಕಂಡರಾಗದ ಮುದಿ ಪ್ರೊಫೆಸರೊಬ್ಬರು ಎದ್ದರು.

“ಮೇಡಂ, ಸಾರಾಂಶದಲ್ಲಿ ಅಷ್ಟೊಂದು ಪ್ಲಾಟಿನಂ ಸುರಿದಿದ್ರಲ್ಲ. ಅದೆಲ್ಲಿಂದ ಬಂತು? ಎಷ್ಟು ಆಳದಿಂದ?”

“ಆಳ ಅಷ್ಟೇನಿಲ್ಲ ಸಾರ್,” ಎಂದಳು ಅಕ್ಕ. “ಮೊದಲನೇ ಸಾಲು, ನೀಲಿ ಅಂಗಿ.”