ಮುಳ್ಳು ಎರಡು ಸಾವಿರ ಮುಟ್ಟಿದಾಗ

ಲೀಲಾ ಅವರ ಗಂಡ ಬಸವಲಿಂಗಪ್ಪನವರ ಎಡಗೈಗೆ ಸದಾ ಕಾರಿನ ಗೇರಿನದೇ ಧ್ಯಾನ. ದಿಲ್ಲಿಯ ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ಅವರ ಡೀಸೆಲ್ ಕಾರು ಹತ್ತಿದವರೆಲ್ಲ ಒಂದೇ ಪಾಠ ಕೇಳಿ ಇಳಿದವರು: "ಆರ್‌ಪಿಎಂ ಮುಳ್ಳು ಎರಡು ಸಾವಿರ ಮುಟ್ಟಲಿ, ಆಮೇಲೆ ಗೇರ್ ಏರಿಸಿ. ಮೊದಲೇ ಏರಿಸಿದ್ರೆ ಇಂಜಿನ್ ನರಳುತ್ತೆ, ತಡ ಮಾಡಿದ್ರೆ ಕಿರುಚುತ್ತೆ. ಅದಕ್ಕೂ ಜೀವ ಇದೆ ರೀ!" ಚಪಾತಿ ಲಟ್ಟಿಸುತ್ತಿದ್ದ ಲೀಲಾಗೂ "ಅಚ್ಛಾ, ಇನ್ನೂ ಫಸ್ಟ್‌ನಲ್ಲೇ ಇದೀಯಲ್ಲೇ" ಎನ್ನುವ ಮನುಷ್ಯ. ಹತ್ತು ವರ್ಷ ತುಂಬಿದ ಡೀಸೆಲ್ ಕಾರು ದಿಲ್ಲಿಯಲ್ಲಿ ಓಡುವಂತಿಲ್ಲವೆಂದು ಹೋದ ತಿಂಗಳು ಅದನ್ನು ಗುಜರಿಗೆ ಕೊಟ್ಟರು. ಮುಂದಿನ ಎರಡು ಸೀಟು ಮಾತ್ರ ಬಿಚ್ಚಿಸಿ ತಂದು ಮೂರನೇ ಮಹಡಿಯ ಬಾಲ್ಕನಿಯಲ್ಲಿಟ್ಟರು. ದಿನಾ ಬೆಳಿಗ್ಗೆ ಅಲ್ಲಿ ಕೂತು ಇಲ್ಲದ ಕ್ಲಚ್ ಒತ್ತಿ, ಗಾಳಿಯಲ್ಲಿ ಗೇರ್ ಬದಲಿಸುತ್ತಾರೆ. ಲೀಲಾ ಪಕ್ಕದ ಸೀಟಿನಲ್ಲಿ ಕಾಫಿ ಕುಡಿಯುತ್ತಾ ನಗುತ್ತಾರೆ. ಇವತ್ತು ಗಂಡ ಮೂರನೇ ಗೇರಿಗೆ ಕೈ ಚಾಚಿದಾಗ, ಕಟ್ಟೆಯ ಮೇಲಿನ ಲೋಟ ಸಣ್ಣಗೆ ನಡುಗತೊಡಗಿತು. ಪಕ್ಕದ ಬೇವಿನ ಮರ ಮೆಲ್ಲಗೆ ಹಿಂದಕ್ಕೆ ಸರಿಯಿತು. "ನೋಡು, ಈಗ ಸರಿಯಾಗಿ ಎರಡು ಸಾವಿರ," ಎಂದರು ಬಸವಲಿಂಗಪ್ಪ. ಲೀಲಾಗೆ ನಗು ಬರಲಿಲ್ಲ. ಹತ್ತು ವರ್ಷದ ಅಭ್ಯಾಸದಂತೆ ಕೈ ತಾನಾಗಿಯೇ ಎಡಭುಜದ ಹಿಂದೆ ಹೋಗಿ, ಅಲ್ಲಿಲ್ಲದ ಬೆಲ್ಟನ್ನು ಎಳೆದು ಸೊಂಟದ ಬಳಿ ಒತ್ತಿತು. ಕ್ಲಿಕ್ ಎಂದು ಕೇಳಿಸಿತು.