ಶೇವಂತಿ ಕೇಳಿದ ಅಗಲ ಟಾಯರ್

ಪವರ್‌ಲೂಮಿನ ಸದ್ದು ಬಿಟ್ಟು ಹೆಂಡತಿ ಶೇವಂತಿಯೊಡನೆ ದೂರ ಹೋಗಿಬರಬೇಕೆಂಬ ಆಸೆ ಬನಹಟ್ಟಿಯ ನೀಲಕಂಠನಿಗೆ ಹುಟ್ಟಿದ್ದು ಐವತ್ತು ದಾಟಿದ ಮೇಲೆ. ಕೂಡಲಸಂಗಮಕ್ಕೆ ಸೈಕಲ್ಲಿನಲ್ಲೇ ಹೋಗುವುದೆಂದು ಇಬ್ಬರೂ ಗೇರ್ ಸೈಕಲ್ ಕೊಳ್ಳಲು ಹೊರಟರು. ಅಂಗಡಿಯಲ್ಲಿ ಶೇವಂತಿ ಅಗಲದ ಟಾಯರೊಂದನ್ನು ಒತ್ತಿ ನೋಡಿದಳು.

“ಇದ ಇರಲ್ರಿ. ಬೀಳಗಿ ಕಡೆ ರಸ್ತಾ ತುಂಬ ಖಡಿ ಹಾಕ್ಯಾರ.”

“ಅಗಲ ಟಾಯರ್ ಜಗ್ಗತಾವ, ತುಳಿಯಾಕ ಭಾರ. ನಿನಗೇನ್ ತಿಳೀತೈತಿ?”

ಎಲ್ಲರೆದುರು ಹಾಗೆ ಅನ್ನಿಸಿಕೊಂಡು ಅವಳು ಟಾಯರಿನಿಂದ ಕೈ ತೆಗೆದಳು. ನೀಲಕಂಠ ಎರಡಕ್ಕೂ ಸಣ್ಣ ಟಾಯರನ್ನೇ ಹಾಕಿಸಿದ.

ಮುಧೋಳ ದಾಟಿದರೂ ಸೈಕಲ್ಲುಗಳು ಹಗುರವಾಗಿ ಓಡುತ್ತಿದ್ದವು. ಶೇವಂತಿ ಹಾಡಿಕೊಂಡೇ ತುಳಿಯುತ್ತಿದ್ದಳು. ಬೀಳಗಿ ಸಮೀಪ ರಸ್ತೆಗೆ ಹರಡಿದ್ದ ಜಲ್ಲಿಕಲ್ಲಿನ ಖಡಿಯಲ್ಲಿ ಅವಳ ಮುಂದಿನ ಗಾಲಿ ಜಾರಿತು. ಬಿದ್ದ ರಭಸಕ್ಕೆ ಮುಂಗೈ ಮುರಿಯಿತು. ಅಲ್ಲಿಂದಲೇ ಟೆಂಪೋ ಹತ್ತಿ ಮರಳಿದರು.

ಕೈಯ ಮೂಳೆ ಕೂಡಿದ ಮೇಲೆ ನೀಲಕಂಠ ಎರಡೂ ಸೈಕಲ್ಲಿಗೆ ಅಗಲ ಟಾಯರ್ ಹಾಕಿಸಿ ತಂದ.

“ನಂದ ತಪ್ಪಾತು. ಬಾ, ಮತ್ತ ಹೋಗೂಣು.”

“ನೀವ ಹೋಗಿ ಬರ್ರಿ. ನನಗ ಆ ಆಸೆ ಹೋತು,” ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಅವನೊಬ್ಬನೇ ಹೊರಟ. ಆ ರಸ್ತೆಯಲ್ಲಿ ಖಡಿ ಇನ್ನೂ ಹಾಗೇ ಇತ್ತು, ಆದರೆ ಗಾಲಿ ಒಮ್ಮೆಯೂ ಜಾರಲಿಲ್ಲ. ಅಷ್ಟು ಸಲೀಸಾಗಿ ದಾಟಿದ್ದನ್ನೇ ಅವನಿಂದ ತಾಳಲಾಗಲಿಲ್ಲ. ಬೀಳಗಿಯಲ್ಲಿ ಒಂದು ಚಹಾ ಕುಡಿದು ಮನೆಯ ಕಡೆ ಸೈಕಲ್ ತಿರುಗಿಸಿದ.