ಮಾಲೀಕರ ಪಟಕ್ಕೆ ಬಿದ್ದ ಹಾರ

ಕಲೆ ಮನುಷ್ಯನನ್ನು ಅಮರನನ್ನಾಗಿ ಮಾಡುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಮದ್ದೂರಿನಲ್ಲಿ ನಾವು ಅದೇ ಕಲೆಯಿಂದ ಬದುಕಿದ್ದವರನ್ನು ಸಾಯಿಸಿದೆವು.

ನಾವು ನಾಲ್ವರು ಗೆಳೆಯರು ಹಳೆಯ ಬೆಲ್ಲದ ಗೋದಾಮೊಂದರಲ್ಲಿ ಆರ್ಟ್ ಗ್ಯಾಲರಿ ನಡೆಸುತ್ತಿದ್ದೆವು. 'ಬಟ್ಟೆಗೆ ಬಣ್ಣ ಬಳ್ಯಾಕೆ ನನ್ ಗೋದಾಮೇ ಬೇಕೇನ್ರಲಾ?' ಎನ್ನುತ್ತಿದ್ದ ಮಾಲೀಕರಿಗೆ ಜಾಗವನ್ನು ಸಿಮೆಂಟ್ ಅಂಗಡಿಗೆ ಕೊಡುವ ಆಸೆ. ನಮಗೂ ಅವರ ಮುಖ ಕಂಡರಾಗದು. ಆದರೂ ಜಾಗ ಉಳಿಯಲೆಂದು ಅದೇ ಮುಖದ ಚಿತ್ರ ಬರೆಸಿ, ಹೊಸ ಪ್ರದರ್ಶನದ ಉದ್ಘಾಟನೆಗೆ ಅವರನ್ನೇ ಕರೆದೆವು.

ಹೊತ್ತಾದರೂ ಅವರು ಬರಲಿಲ್ಲ. ಅವರ ಕೊರಳಿಗೆಂದು ತಂದ ಸೇವಂತಿಗೆ ಹಾರ ನಲುಗದಿರಲೆಂದು ನಾನೇ ಅದನ್ನು ಅವರ ಚಿತ್ರದ ಮೇಲೆ ತೂಗುಹಾಕಿದೆ. ಉದ್ಘಾಟನೆಯ ದೀಪ ಹೇಗೂ ಕೆಳಗೇ ಇತ್ತು. ಬಣ್ಣದ ವಾಸನೆ ಹೋಗಲೆಂದು ಯಾರೋ ಊದುಬತ್ತಿಯನ್ನೂ ಹಚ್ಚಿದರು.

ಉದ್ಘಾಟನೆಗೆಂದು ಹಲಗೂರಿನಿಂದ ನೇರವಾಗಿ ಬಂದ ಮಾಲೀಕರ ತಂಗಿ ಒಳಗೆ ಕಾಲಿಟ್ಟವರೇ 'ಅಯ್ಯೋ ನಮ್ಮಣ್ಣಾ!' ಎಂದು ಎದೆ ಬಡಿದುಕೊಂಡರು. ಆಗಲೇ ಅಣ್ಣನೂ ಬಾಗಿಲಿಗೆ ಬಂದು, ತಮ್ಮ ಪಟವನ್ನು ನೋಡಿದರು.

'ಇನ್ನೂ ಬದ್ಕಿವ್ನಿ ಕಣ್ರಲಾ! ತಿಥಿಗೆ ವಡೆನೂ ಮಾಡ್ಸಿದ್ದೀರೇನ್ಲಾ?'

ದುರದೃಷ್ಟಕ್ಕೆ, ಕಾಫಿಯ ಜೊತೆಗೆಂದು ವಡೆಯನ್ನೂ ತರಿಸಿದ್ದೆವು.

'ಇದು ಗೌರವಕ್ಕೆ, ಯಜಮಾನ್ರೇ' ಎಂದೆ.

'ನಿಮ್ ಗೌರವ ನೀವೇ ಮಡಿಕಳಿ. ಮೊದ್ಲು ಜಾಗ ಖಾಲಿ ಮಾಡಿ.'

ಈಗ ಅಲ್ಲಿ ಸಿಮೆಂಟ್ ಅಂಗಡಿಯಿದೆ.